ದಿನ ಅವರದು, ಊರು ನಮ್ಮದು

— ಎರಡು ಗಂಟೆ ಹಾಡು ಕೇಳಲು ಖಂಡ ದಾಟಿ ಹೋಗುವುದು, ಹೋದ ನೆಪಕ್ಕೆ ನಾಲ್ಕು ಅರಮನೆ, ಎರಡು ಮ್ಯೂಸಿಯಂ ನೋಡಿ ಬರುವುದು. ಇದನ್ನು ಪ್ರವಾಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕೋಲ್ಡ್‌ಪ್ಲೇ ಬ್ಯಾಂಡಿನ ಟಿಕೆಟ್ ಸಿಕ್ಕಿತೆಂದು ನಮ್ಮ ಹುಡುಗ ಹುಡುಗಿಯರು ವಿಯೆನ್ನಾಕ್ಕೋ ಸಿಂಗಪುರಕ್ಕೋ ಅಬುಧಾಬಿಗೋ ವಿಮಾನ ಹತ್ತುತ್ತಾರೆ. ಹಾಡು ಜೇಬಿನಲ್ಲಿರುವ ಫೋನಿನಲ್ಲೇ ಇದೆಯಲ್ಲ? ಊರು ನೋಡಬೇಕೆನ್ನುವವರು ಒಳ್ಳೆಯ ಹವೆ, ಕಡಿಮೆ ಜನ, ಅಗ್ಗದ ದರ ನೋಡಿಕೊಂಡು ಹೋಗಲಿ. ಹಾಡು ಕೇಳಬೇಕೆನ್ನುವವರು ಕೂತು ಕೇಳಲಿ. ಎರಡನ್ನೂ ಒಂದೇ ಚೀಲಕ್ಕೆ ತುರುಕಿದರೆ ಊರೂ ಅರ್ಧ, ಹಾಡೂ ಅರ್ಧ.

— ಇದು ಈ ತಲೆಮಾರಿನ ಹುಚ್ಚು ಅನ್ನುವ ಭಾವನೆ ನಿಮ್ಮ ಮಾತಿನ ತಳದಲ್ಲಿದೆ. ಅದನ್ನು ಮೊದಲು ತೆಗೆದಿಡೋಣ. 1876ರಲ್ಲಿ ವಾಗ್ನರ್ ತನ್ನ ಸಂಗೀತನಾಟಕಗಳಿಗೆಂದೇ ಬೈರಾಯ್ಟ್ ಎಂಬ ಸಣ್ಣ ಜರ್ಮನ್ ಪಟ್ಟಣದಲ್ಲಿ ರಂಗಮಂದಿರ ಕಟ್ಟಿ ಉತ್ಸವ ನಡೆಸಿದಾಗ ಯೂರೋಪಿನ ಮೂಲೆಮೂಲೆಯಿಂದ ಜನ ರೈಲು ಹತ್ತಿದರು. ರಷ್ಯಾದ ಪತ್ರಿಕೆಯೊಂದಕ್ಕೆ ವರದಿ ಬರೆಯಲು ಹೋಗಿದ್ದ ಚೈಕೋವ್‌ಸ್ಕಿ, ಅಲ್ಲಿ ಸಂಗೀತದ ಚರ್ಚೆಗಿಂತ ಊಟ ಎಲ್ಲಿ ಸಿಗುತ್ತದೆ ಎಂಬ ಚರ್ಚೆಯೇ ಜೋರಾಗಿತ್ತು ಎಂದು ಗೊಣಗಿದ್ದಾನೆ. 1891ರಲ್ಲಿ ಅದೇ ಊರಿಗೆ ಮಾರ್ಕ್ ಟ್ವೇನ್ ಹೋಗಿ ತನ್ನ ಎಂದಿನ ತಮಾಷೆಯಲ್ಲಿ ಅದರ ಬಗ್ಗೆ ಬರೆದ. ನಮ್ಮಲ್ಲೂ ಇದಕ್ಕೆ ಹೊಂದುವ ಅಭ್ಯಾಸ ಒಂದಿದೆ, ಜಾತ್ರೆ. ದಿನ ಪಂಚಾಂಗದ್ದು, ಹೋದವರು ತೇರು ಎಳೆಯುತ್ತಾರೆ, ಬಳೆ ಕೊಳ್ಳುತ್ತಾರೆ, ಪಕ್ಕದ ಬೆಟ್ಟ ಹತ್ತುತ್ತಾರೆ, ನೆಂಟರ ಮನೆಯಲ್ಲಿ ಉಣ್ಣುತ್ತಾರೆ. ಬೆಟ್ಟ ಹತ್ತಿದ್ದರಿಂದ ಭಕ್ತಿ ಅರ್ಧವಾಯಿತು ಎಂದು ಯಾರೂ ಲೆಕ್ಕ ಹಾಕಿಲ್ಲ. ಬೆಂಗಳೂರೇ ಇಂಥ ಪ್ರವಾಸದ ಗುರಿಯಾಗಿದ್ದ ಊರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡು ನುಡಿಸಿದಾಗ ದೇಶದ ಬೇರೆ ಬೇರೆ ಊರಿನಿಂದ ಕಪ್ಪು ಟೀ ಶರ್ಟಿನವರು ರೈಲು, ಬಸ್ಸು ತುಂಬಿಕೊಂಡು ಬಂದಿದ್ದರು. 2011ರಲ್ಲಿ ಗುರುಗ್ರಾಮದ ಮೆಟಾಲಿಕಾ ಪ್ರದರ್ಶನ ಕೊನೆ ಗಳಿಗೆಯಲ್ಲಿ ರದ್ದಾಗಿ, ಎರಡೇ ದಿನಗಳ ನಂತರ ಅಕ್ಟೋಬರ್ 30ರಂದು ಬೆಂಗಳೂರಿನದು ನಡೆಯಿತು.

ಹೋಗುವುದು ಸರಿಯೋ ತಪ್ಪೋ ಎಂಬುದು ಹಾಗಾಗಿ ಹಳೆಯ ಜಗಳ. ಹೇಗೆ ಹೋಗಬೇಕು ಎಂಬುದರಲ್ಲೇ ನನಗೆ ಆಸಕ್ತಿ. ನನ್ನ ವಾದ ಇಷ್ಟು: ದಿನವನ್ನು ಬ್ಯಾಂಡು ಗೊತ್ತುಮಾಡಲಿ, ಊರನ್ನು ನಾವು ಗೊತ್ತುಮಾಡಬೇಕು. ಬಹಳ ಜನ ಎರಡನ್ನೂ ಬ್ಯಾಂಡಿಗೇ ಬಿಟ್ಟುಕೊಡುತ್ತಾರೆ. ನೀವು ಹೇಳಿದ ಅರ್ಧಂಬರ್ಧದ ಪ್ರವಾಸ ಹುಟ್ಟುವುದು ಅಲ್ಲೇ.

— ಬಿಟ್ಟುಕೊಡದೆ ಏನು ಮಾಡುತ್ತಾರೆ? ಎಲ್ಲಿ ಹಾಡಬೇಕೆಂದು ತೀರ್ಮಾನಿಸುವವರು ಅವರು. ಪಟ್ಟಿಯಲ್ಲಿ ಇಲ್ಲದ ಊರಿಗೆ ಕರೆಸಲಾಗುತ್ತದೆಯೇ?

— ಪಟ್ಟಿಯಲ್ಲೇ ಆಯ್ಕೆ ಇದೆ, ಅದೂ ಧಾರಾಳವಾಗಿ. 2024ರ ಬೇಸಿಗೆಯನ್ನೇ ತೆಗೆದುಕೊಳ್ಳಿ. ಕೋಲ್ಡ್‌ಪ್ಲೇ ಜೂನ್ ಆರಂಭದಲ್ಲಿ ಅಥೆನ್ಸ್‌ನಿಂದ ಹೊರಟು ಬುಕಾರೆಸ್ಟ್, ಬುಡಾಪೆಸ್ಟ್, ಲಿಯೋನ್, ರೋಮ್, ಡ್ಯುಸೆಲ್‌ಡಾರ್ಫ್, ಹೆಲ್ಸಿಂಕಿ, ಮ್ಯೂನಿಕ್, ವಿಯೆನ್ನಾ ದಾಟಿ ಸೆಪ್ಟೆಂಬರ್ ಮೊದಲ ವಾರ ಡಬ್ಲಿನ್‌ನಲ್ಲಿ ಮುಗಿಸಿತು. ಹತ್ತು ಊರು, ಮೂರು ತಿಂಗಳು, ಪ್ರತಿ ಊರಿನಲ್ಲಿ ಎರಡರಿಂದ ನಾಲ್ಕು ರಾತ್ರಿ. ಈಗ ನೋಡಿ, ಈ ಹತ್ತು ಊರಲ್ಲಿ ಬದಲಾಗದೆ ಉಳಿಯುವುದು ಯಾವುದು? ವೇದಿಕೆ ಅದೇ, ಪರದೆ ಅದೇ, ಅರವತ್ತು ಸಾವಿರ ಕೈಗಳಲ್ಲಿ ಒಂದೇ ತಾಳಕ್ಕೆ ಬಣ್ಣ ಬದಲಿಸುವ ಬಳೆದೀಪಗಳು ಅವೇ, ಹಾಡುಗಳ ಸರತಿಯೂ ಬಹುಮಟ್ಟಿಗೆ ಅದೇ. ಸ್ಟೇಡಿಯಂ ಪ್ರದರ್ಶನ ಎನ್ನುವುದು ಲಾರಿಗಳಲ್ಲಿ ಊರಿಂದೂರಿಗೆ ಸಾಗಿ, ಎಲ್ಲಿ ಇಳಿದರೂ ಒಂದೇ ತೆರನಾಗಿ ನಿಲ್ಲಬೇಕು. ಅದರ ಯಂತ್ರಶಾಸ್ತ್ರದ ಹೆಚ್ಚುಗಾರಿಕೆಯೇ ಅದು. ಕಾರ್ಯಕ್ರಮ ಸ್ಥಿರವಾಗಿರುವಾಗ ಬದಲಾಗುವುದು ಸುತ್ತಲಿನ ಊರು ಮಾತ್ರ. ಆದರೂ ಜನ ಊರನ್ನು ಆರಿಸುವ ಬಗೆ ನೋಡಿ: ಯಾವ ಊರಿನ ಟಿಕೆಟ್ ಮೊದಲು ಸಿಕ್ಕಿತೋ ಅಲ್ಲಿಗೆ, ಯಾವುದಕ್ಕೆ ವಿಮಾನ ಸೋವಿಯೋ ಅಲ್ಲಿಗೆ, ಎಲ್ಲಿ ದೊಡ್ಡಪ್ಪನ ಮಗ ಇದ್ದಾನೋ ಅಲ್ಲಿಗೆ. ದೊಡ್ಡಪ್ಪನ ಮಗನದು ಒಂದು ಮಟ್ಟಿಗೆ ಒಪ್ಪಬಹುದಾದ ಕಾರಣ, ಮಿಕ್ಕವು ಅಲ್ಲ. ಕಾರ್ಯಕ್ರಮ ಇಲ್ಲದಿದ್ದರೂ ಈ ಹತ್ತರಲ್ಲಿ ಯಾವ ಊರಿಗೆ ಹೋಗುತ್ತಿದ್ದೆ ಎಂದು ಕೇಳಿಕೊಂಡು ಅಲ್ಲಿನ ಟಿಕೆಟ್‌ಗೆ ಪ್ರಯತ್ನ ಮಾಡುವುದು ಸರಿಯಾದ ಕ್ರಮ.

— ಎಲ್ಲ ರಾತ್ರಿಯೂ ಒಂದೇ ಎಂದರೆ ಅಭಿಮಾನಿಗಳು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಒಂದು ಊರಲ್ಲಿ ಅಲ್ಲಿಯ ಹಾಡುಗಾರ ಬಂದು ಜೊತೆಗೂಡುತ್ತಾನೆ, ಇನ್ನೊಂದು ಊರಲ್ಲಿ ಹಳೆಯ ಹಾಡೊಂದು ಇದ್ದಕ್ಕಿದ್ದಂತೆ ಬರುತ್ತದೆ. ಅದಿರಲಿ, ನಿಮ್ಮ ಪರೀಕ್ಷೆಯಲ್ಲೇ ಒಂದು ತೊಡಕಿದೆ. ಹೇಗೂ ಹೋಗುತ್ತಿದ್ದ ಊರಿಗೇ ಹೋಗುವುದಾದರೆ ಬ್ಯಾಂಡ್ ಯಾಕೆ? ಬ್ಯಾಂಡಿಗಾಗಿಯೇ ಹೋಗುವುದಾದರೆ ಊರು ಯಾವುದಾದರೇನು? ನೀವು ಅಭಿಮಾನಿಯ ಪ್ರೀತಿಯನ್ನು ಪ್ರವಾಸಿಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದೀರಿ.

— ಸಣ್ಣ ವ್ಯತ್ಯಾಸಗಳು ಇವೆ, ಒಪ್ಪಿದೆ. ಆದರೆ ಅವು ಯಾವ ಊರಿನಲ್ಲಿ ಯಾವ ರಾತ್ರಿ ಬರುತ್ತವೆ ಎಂದು ಟಿಕೆಟ್ ಕೊಳ್ಳುವವರಿಗೆ ತಿಳಿಯುವುದಿಲ್ಲ. ತಿಳಿಯದ ಸಂಗತಿಯ ಮೇಲೆ ಊರು ಆರಿಸಲಾಗದು. ಇನ್ನು ನಿಮ್ಮ ಎರಡನೆಯ ಪ್ರಶ್ನೆ ನಿಜಕ್ಕೂ ಗಟ್ಟಿ. ಬ್ಯಾಂಡ್ ಯಾಕೆ ಬೇಕೆಂದರೆ ದಿನಾಂಕಕ್ಕಾಗಿ. ವಿಯೆನ್ನಾ ನೋಡಬೇಕು ಎಂಬ ಆಸೆ ಇಪ್ಪತ್ತು ವರ್ಷ ಮನಸ್ಸಿನಲ್ಲಿ ಬೆಚ್ಚಗೆ ಮಲಗಿರಬಲ್ಲದು. ಮಗುವಿನ ಪರೀಕ್ಷೆ, ಮನೆಯ ಕಂತು, ಕಚೇರಿಯ ರಜೆ, ಯೂರೋ ದರ ಎಂದು ಪ್ರತಿ ವರ್ಷವೂ ಮುಂದೂಡಲು ಒಂದು ಮರ್ಯಾದಸ್ಥ ಕಾರಣ ಇದ್ದೇ ಇರುತ್ತದೆ. ಊರು ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ನಾವೂ ಹೋಗುವುದಿಲ್ಲ. ಬ್ಯಾಂಡಿಗೆ ಆ ತಾಳ್ಮೆಯಿಲ್ಲ. ಆಗಸ್ಟ್ 24 ಎಂದರೆ ಆಗಸ್ಟ್ 24. ಆಯ್ಕೆಯ ಹಿಂಸೆಯನ್ನು ಅದು ತಪ್ಪಿಸುತ್ತದೆ, ಜೊತೆಯವರನ್ನು ಒಂದು ತೀರ್ಮಾನಕ್ಕೆ ತರುತ್ತದೆ, ರಜೆಯ ಅರ್ಜಿಗೆ ಒಂದು ಗಡುವು ಕೊಡುತ್ತದೆ.

ಹೊರಗಿನವರು ಗೊತ್ತುಮಾಡಿದ ದಿನಾಂಕ ಇನ್ನೂ ಒಂದು ಕೆಲಸ ಮಾಡುತ್ತದೆ. ಪ್ರವಾಸದ ಪುಸ್ತಕಗಳು ಹೋಗಬೇಡಿ ಎನ್ನುವ ಹೊತ್ತಿನಲ್ಲಿ ನಮ್ಮನ್ನು ಊರಿಗೆ ಇಳಿಸುತ್ತದೆ. ಸ್ಟೇಡಿಯಂ ಪ್ರದರ್ಶನಗಳು ಬೇಸಿಗೆಯಲ್ಲಿ ನಡೆಯುವುದು ಬಯಲಲ್ಲಿ ಮಳೆ ಚಳಿ ಇರಬಾರದೆಂದು, ಫುಟ್‌ಬಾಲ್ ಋತುಗಳ ನಡುವೆ ಮೈದಾನ ಬಿಡುವಾಗಿರುತ್ತದೆ ಎಂದು. ಊರಿನ ಸ್ವಂತ ಸಂಗೀತದ ಪಂಚಾಂಗ ಬೇರೆಯೇ. ವಿಯೆನ್ನಾದ ಸ್ಟೇಟ್ ಒಪೆರಾ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ನಡೆಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಪರದೆ ಏಳುವುದಿಲ್ಲ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಆ ಹೊತ್ತಿಗೆ ಸಾಲ್ಜ್‌ಬರ್ಗ್ ಉತ್ಸವದಲ್ಲಿ ನುಡಿಸುತ್ತಿರುತ್ತದೆ. ಜಗತ್ತಿನ ಸಂಗೀತದ ರಾಜಧಾನಿ ಎಂದು ಹೆಸರಾದ ಊರಿಗೆ ಹಾಡು ಕೇಳಲು ಹೋದವರು, ಆ ಊರು ತನ್ನ ಬಾಗಿಲು ಹಾಕಿಕೊಂಡಿರುವ ತಿಂಗಳಲ್ಲೇ ಹೋಗಿರುತ್ತಾರೆ. ಇದು ಟಿಕೆಟ್ ಕೊಂಡ ಮೇಲೆ ಗೊತ್ತಾದರೆ ನಿರಾಸೆ. ಮೊದಲೇ ಗೊತ್ತಿದ್ದರೆ ಪ್ರವಾಸದ ಆಕಾರವೇ ಬೇರೆಯಾಗುತ್ತದೆ. ಪುರಭವನದ ಮುಂದಿನ ರಾಟ್‌ಹೌಸ್‌ಪ್ಲಾಟ್ಸ್ ಚೌಕದಲ್ಲಿ ಬೇಸಿಗೆಯುದ್ದಕ್ಕೂ ದೊಡ್ಡ ಪರದೆಯ ಮೇಲೆ ಒಪೆರಾ, ಬ್ಯಾಲೆ, ಸಂಗೀತ ಕಾರ್ಯಕ್ರಮಗಳ ಚಿತ್ರ ತೋರಿಸುತ್ತಾರೆ, ಪುಕ್ಕಟೆಯಾಗಿ. ಊರವರು ಬಿಯರ್ ಹಿಡಿದು ಬೆಂಚಿನ ಮೇಲೆ ಕೂತು ನೋಡುತ್ತಾರೆ. ನಿಜವಾದ ವಾದ್ಯಮೇಳವೇ ಬೇಕೆಂದರೆ ಸಾಲ್ಜ್‌ಬರ್ಗ್ ರೈಲಿನಲ್ಲಿ ಎರಡೂವರೆ ಗಂಟೆ, ಉತ್ಸವ ಆಗಸ್ಟ್ ಕೊನೆಯವರೆಗೆ ಇರುತ್ತದೆ. 71ನೇ ನಂಬರಿನ ಟ್ರಾಮ್ ಹತ್ತಿದರೆ 1874ರಲ್ಲಿ ತೆರೆದ ಸೆಂಟ್ರಲ್ ಸ್ಮಶಾನ. ಬೇರೆ ಕಡೆ ಮಣ್ಣಾಗಿದ್ದ ಬೀಥೋವನ್‌ನನ್ನೂ ಶೂಬರ್ಟ್‌ನನ್ನೂ 1888ರಲ್ಲಿ ಇಲ್ಲಿಗೆ ತಂದರು. ಬ್ರಾಮ್ಸ್, ಯೋಹಾನ್ ಸ್ಟ್ರಾಸ್ ಅಲ್ಲೇ ಪಕ್ಕದಲ್ಲಿ. ಮೊಜಾರ್ಟ್‌ಗೆ ಅಲ್ಲಿ ಸ್ಮಾರಕ ಮಾತ್ರ. ಅವನನ್ನು ಹೂಳಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ, ನಿಖರವಾದ ಜಾಗ ಯಾರಿಗೂ ಗೊತ್ತಿಲ್ಲ. ಆ ಮೊಜಾರ್ಟ್‌ನನ್ನು ರಾಕ್ ತಾರೆಯಾಗಿ ಹಾಡಿ 1986ರಲ್ಲಿ ಅಮೆರಿಕದ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿದ ಫಾಲ್ಕೋನ ಸಮಾಧಿಯೂ ಸೆಂಟ್ರಲ್ ಸ್ಮಶಾನದಲ್ಲೇ ಇದೆ. ಪಾಪ್ ಅಭಿಮಾನಿ ಅಲ್ಲಿಗೆ ಹೋದರೆ ತನ್ನ ಮನೆಯವರನ್ನೇ ಕಂಡಂತೆ. ಹಾಡೂ ಅರ್ಧ, ಊರೂ ಅರ್ಧ ಎಂದಿರಿ. ವಿಯೆನ್ನಾದಂಥ ಕಡೆ ಒಂದು ಮತ್ತೊಂದಕ್ಕೆ ದಾರಿ ತೋರಿಸುತ್ತದೆ. ನಿಮ್ಮ ಮಾತು ನಿಜವಾಗುವುದು ಊರನ್ನು ಕಣ್ಣು ಮುಚ್ಚಿ ಆರಿಸಿದಾಗ.

— ವಿಯೆನ್ನಾವನ್ನೇ ನೀವು ಎತ್ತಿದ್ದು ಒಳ್ಳೆಯದಾಯಿತು. ನಿಮ್ಮ ವಾದದ ಕಾಲು ಮುರಿಯಲು ನನಗೆ ಬೇರೆ ಊರು ಬೇಕಾಗಿಲ್ಲ. ಅದೇ 2024ರ ಆಗಸ್ಟ್‌ನಲ್ಲಿ, ಅದೇ ಸ್ಟೇಡಿಯಂನಲ್ಲಿ ನಿಮ್ಮ ಬ್ಯಾಂಡು ಹಾಡಿದ ಆ ಮೈದಾನದಲ್ಲೇ, ಟೇಲರ್ ಸ್ವಿಫ್ಟ್ ಮೂರು ರಾತ್ರಿ ಹಾಡಬೇಕಿತ್ತು. ಹಿಂದಿನ ದಿನ ಸಂಜೆ ಎಲ್ಲವೂ ರದ್ದು. ಜನ ವಿಮಾನ ಇಳಿದಾಗಿತ್ತು. ಒಂದು ವರ್ಷದ ಯೋಜನೆಯನ್ನು ಒಂದು ಸಂಜೆಯ ಮೇಲೆ ನಿಲ್ಲಿಸುವುದು ಜಾಣತನವೇ?

— ಒಂದು ಸಂಜೆಯ ಮೇಲೆ ನಿಲ್ಲಿಸಬಾರದು ಎಂದೇ ಇಷ್ಟು ಹೊತ್ತು ಹೇಳುತ್ತಿದ್ದೇನೆ. ಏನಾಯಿತು ಎಂಬುದನ್ನು ವಿವರವಾಗಿ ನೋಡೋಣ, ಏಕೆಂದರೆ ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆಗಸ್ಟ್ 8, 9, 10ರಂದು ಎರ್ನ್ಸ್ಟ್ ಹಾಪೆಲ್ ಸ್ಟೇಡಿಯಂನಲ್ಲಿ ಕಾರ್ಯಕ್ರಮ. ದಿನಕ್ಕೆ ಸುಮಾರು 65,000 ಪ್ರೇಕ್ಷಕರ ನಿರೀಕ್ಷೆ. 7ರಂದು ದಾಳಿಯ ಸಂಚಿನ ಶಂಕೆಯ ಮೇಲೆ ಬಂಧನಗಳಾದವು, ಆ ಸಂಜೆ ಸಂಘಟಕರು ಮೂರೂ ದಿನಗಳನ್ನು ಕೈಬಿಟ್ಟರು. ಟಿಕೆಟ್ಟಿನ ಹಣ ವಾಪಸಾಯಿತು. ವಿಮಾನದ್ದು, ಹೋಟೆಲಿನದ್ದು ವಾಪಸಾಗಬೇಕೆಂಬ ನಿಯಮವಿಲ್ಲ. ಸಾಮಾನ್ಯ ಪ್ರವಾಸ ವಿಮೆಯೂ ಇಂಥ ಹೊತ್ತಿನಲ್ಲಿ ಕೈಕೊಡುತ್ತದೆ. ವಿಮಾನ ಹಾರಿತು, ಹೋಟೆಲ್ ತೆರೆದಿದೆ, ನೀವು ಆರೋಗ್ಯವಾಗಿದ್ದೀರಿ, ಹಾಗಾದರೆ ಪ್ರವಾಸ ಎಲ್ಲಿ ರದ್ದಾಯಿತು ಎನ್ನುವುದು ವಿಮೆಯವರ ತರ್ಕ. ಕೇಳಲು ನಿರ್ದಯ, ಆದರೆ ಯೋಜನೆ ಮಾಡುವವರು ಮೊದಲ ದಿನವೇ ಅದೇ ತರ್ಕವನ್ನು ತಮಗೆ ತಾವೇ ಹೇಳಿಕೊಳ್ಳಬೇಕು: ಕಾರ್ಯಕ್ರಮ ಬಿದ್ದುಹೋದರೂ ಇದು ಪ್ರವಾಸವಾಗಿ ಉಳಿಯುತ್ತದೆಯೇ?

ಮುಂದೆ ಆದದ್ದು ಇನ್ನೂ ಕುತೂಹಲದ್ದು. ನಗರದ ಹಲವು ಮ್ಯೂಸಿಯಂಗಳು ಟಿಕೆಟ್ ತೋರಿಸಿದವರನ್ನು ಪುಕ್ಕಟೆ ಒಳಗೆ ಬಿಟ್ಟವು. ಮಾರಿಯಾಹಿಲ್ಫ್ ಭಾಗದಲ್ಲಿ ಕಾರ್ನೀಲಿಯಸ್‌ಗಾಸ್ಸೆ ಎಂಬ ಸಾಧಾರಣ ಬೀದಿಯಿದೆ. ಸ್ವಿಫ್ಟ್‌ಳ ಒಂದು ಹಾಡಿನಲ್ಲಿ ಬರುವ ನ್ಯೂಯಾರ್ಕಿನ ಬೀದಿಗೂ ಅದಕ್ಕೂ ಹೆಸರಿನ ಹೋಲಿಕೆ. ಅಷ್ಟೇ ಕಾರಣಕ್ಕೆ ಸಾವಿರಾರು ಜನ ಅಲ್ಲಿ ಸೇರಿ, ಮಣಿಬಳೆಗಳನ್ನು ಬದಲಾಯಿಸಿಕೊಂಡು, ಮರಕ್ಕೆ ಕಟ್ಟಿ, ದಿನಗಟ್ಟಲೆ ಹಾಡಿದರು. ಗಾಯಕಿ ಇಲ್ಲದ ಕಾರ್ಯಕ್ರಮ! ಅವರ ದುಃಖ ಕಡಿಮೆ ಎಂದು ನಾನು ಹೇಳುತ್ತಿಲ್ಲ, ಅತ್ತವರೂ ಇದ್ದರು. ಆದರೆ ಆ ಬೀದಿಗೆ ಹೋಗಲು, ಮ್ಯೂಸಿಯಂ ಹೊಗಲು ಕೈಯಲ್ಲಿ ಇನ್ನೂ ಮೂರು ನಾಲ್ಕು ದಿನ ಇರಬೇಕು. ಸಂಜೆ ಬಂದು ಬೆಳಿಗ್ಗೆ ಹೊರಡುವ ಲೆಕ್ಕದಲ್ಲಿ ಬಂದವರಿಗೆ ವಿಮಾನ ನಿಲ್ದಾಣ ಬಿಟ್ಟರೆ ಬೇರೇನೂ ದಕ್ಕುವುದಿಲ್ಲ. ಎರಡು ವಾರ ಕಳೆದು, ಆಗಸ್ಟ್ 21, 22, 24, 25ರಂದು ಅದೇ ಮೈದಾನದಲ್ಲಿ ಕೋಲ್ಡ್‌ಪ್ಲೇ ನಾಲ್ಕು ರಾತ್ರಿ ನುಡಿಸಿತು. ಒಂದೇ ಸ್ಟೇಡಿಯಂ, ಒಂದೇ ತಿಂಗಳು. ಯಾರ ಸಂಜೆ ಉಳಿಯುತ್ತದೆ, ಯಾರದು ಹೋಗುತ್ತದೆ ಎಂದು ಟಿಕೆಟ್ ಕೊಂಡವರು ಊಹಿಸುವ ದಾರಿಯೇ ಇರಲಿಲ್ಲ. ಕೋಲ್ಡ್‌ಪ್ಲೇಯೂ ಇದಕ್ಕೆ ಹೊರತಲ್ಲ. 2022ರ ಅಕ್ಟೋಬರ್‌ನಲ್ಲಿ ಅದರ ಗಾಯಕ ಕ್ರಿಸ್ ಮಾರ್ಟಿನ್‌ಗೆ ಶ್ವಾಸಕೋಶದ ಸೋಂಕು ತಗುಲಿ ಬ್ರೆಜಿಲ್‌ನ ದಿನಗಳು ಮುಂದಿನ ಮಾರ್ಚ್‌ಗೆ ಹೋದವು. ಐದು ತಿಂಗಳು ಕಾಯುವ ವಿಮಾನ ಟಿಕೆಟ್ ಯಾರ ಬಳಿ ಇರುತ್ತದೆ?

ಆದ್ದರಿಂದ ಕಾರ್ಯಕ್ರಮವನ್ನು ಪ್ರವಾಸದ ಮೂರನೆಯದೋ ನಾಲ್ಕನೆಯದೋ ದಿನಕ್ಕೆ ಬರುವಂತೆ ಇಟ್ಟುಕೊಳ್ಳಬೇಕು. ಬಂದಿಳಿದ ದಿನವೇ ಆದರೆ ವಿಮಾನ ತಡವಾದರೆ ಕಥೆ ಮುಗಿಯಿತು, ತಡವಾಗದಿದ್ದರೂ ಮೂರೂವರೆ ಗಂಟೆಯ ಕಾಲವ್ಯತ್ಯಾಸದಲ್ಲಿ ತೂಕಡಿಸುತ್ತಾ ನಿಲ್ಲಬೇಕು. ಕೊನೆಯ ದಿನವಾದರೆ ಅದಕ್ಕಿಂತ ಮುಂಚಿನ ದಿನಗಳೆಲ್ಲ ಬರೀ ಕಾಯುವಿಕೆಯಾಗುತ್ತವೆ, ಯಾವ ಚಿತ್ರದ ಮುಂದೆ ನಿಂತರೂ ಮನಸ್ಸು ಸ್ಟೇಡಿಯಂನಲ್ಲಿರುತ್ತದೆ. ನಡುವೆ ಇಟ್ಟರೆ ಆ ಸಂಜೆ ಕಳೆದ ಮೇಲೂ ಊರು ಬಾಕಿ ಇರುತ್ತದೆ. ಒಂದೇ ಊರಲ್ಲಿ ಹಲವು ರಾತ್ರಿ ಇದ್ದರೆ ಮೊದಲಿನದಕ್ಕೆ ಪ್ರಯತ್ನಿಸುವುದು ಇನ್ನೂ ಲೇಸು. ಮಳೆಗೋ ಗಂಟಲಿಗೋ ಒಂದು ದಿನ ಹೋದರೂ ಊರು ಬಿಡುವ ಮೊದಲು ಇನ್ನೊಂದು ಅವಕಾಶ ಇರಬಹುದು.

— ಲೆಕ್ಕಾಚಾರ ಚೆನ್ನಾಗಿದೆ, ಹಣದ ಲೆಕ್ಕ ಮಾತ್ರ ಇನ್ನೂ ಬಂದಿಲ್ಲ. ಬ್ಯಾಂಡ್ ಬರುತ್ತದೆ ಎಂದ ಕ್ಷಣ ಊರಿನ ಕೋಣೆಗಳ ದರ ಆಕಾಶಕ್ಕೆ. ನೀವು ಹೇಳುವ ಒಂದು ವಾರ ಉಳಿಯುವ ಉಪಾಯದಲ್ಲಿ ಆ ಆಕಾಶದ ದರವನ್ನು ಏಳು ಸಲ ತೆರಬೇಕಲ್ಲ!

— ದರ ಏರುವುದು ನಿಜ, ಕೆಲವೊಮ್ಮೆ ನಾಚಿಕೆಗೇಡಿನ ಮಟ್ಟಕ್ಕೆ. 2022ರ ಅಕ್ಟೋಬರ್ 15ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಬಿಟಿಎಸ್ ತಂಡ ಪುಕ್ಕಟೆಯಾಗಿ ಹಾಡಿತು. 2030ರ ವಿಶ್ವ ಎಕ್ಸ್‌ಪೋ ತಮ್ಮೂರಿಗೆ ಬರಲೆಂಬ ಪ್ರಚಾರಕ್ಕಾಗಿ. ಟಿಕೆಟ್‌ಗೆ ದುಡ್ಡಿಲ್ಲ, ಮಲಗಲು ಮಾತ್ರ ಹಲವು ಪಟ್ಟು ದುಡ್ಡು. ಮೊದಲೇ ಕಾದಿರಿಸಿದ್ದವರ ಕೋಣೆಗಳನ್ನು ರದ್ದು ಮಾಡಿ ಹೊಸ ದರಕ್ಕೆ ಮಾರಿದ ದೂರುಗಳೂ ಬಂದವು. ಸ್ಟಾಕ್‌ಹೋಮ್‌ನಲ್ಲಿ 2023ರ ಮೇ 10, 11ರಂದು ಬಿಯಾನ್ಸೆ ತನ್ನ ವಿಶ್ವ ಪ್ರವಾಸ ಆರಂಭಿಸಿದಾಗ ಆ ತಿಂಗಳ ಸ್ವೀಡನ್‌ನ ಹಣದುಬ್ಬರ ನಿರೀಕ್ಷೆಗಿಂತ ಹೆಚ್ಚು, ಶೇ. 9.7 ಬಂತು. ಅದರಲ್ಲಿ 0.2 ಅಂಶ ಹೋಟೆಲ್ ದರ ಏರಿಸಿದ ಈ ಪ್ರದರ್ಶನಗಳದೇ ಇರಬಹುದೆಂದು ಡ್ಯಾನ್ಸ್‌ಕೆ ಬ್ಯಾಂಕಿನ ಅರ್ಥಶಾಸ್ತ್ರಜ್ಞರೊಬ್ಬರು ಅಂದಾಜಿಸಿದರು. ಸ್ವಾರಸ್ಯ ಏನೆಂದರೆ ಅಲ್ಲಿಗೆ ಅಮೆರಿಕದಿಂದಲೂ ಜನ ಹಾರಿಬಂದಿದ್ದರು. ಅಲ್ಲಿನ ನಾಣ್ಯವಾದ ಕ್ರೋನಾದ ಬೆಲೆ ಬಿದ್ದಿತ್ತು, ಅಮೆರಿಕದ ಟಿಕೆಟ್ ದರಕ್ಕೆ ಹೋಲಿಸಿದರೆ ಅಲ್ಲಿನದು ಸಸಾರ, ಹಾಗಾಗಿ ಪ್ರವಾಸವೂ ಅದೇ ದುಡ್ಡಿನಲ್ಲಿ ಆಗುತ್ತದೆ ಎಂಬ ಲೆಕ್ಕ. ಆದರೆ ಈ ಏರಿಕೆಯ ಸ್ವಭಾವ ಗಮನಿಸಿ: ಅದು ಕಾರ್ಯಕ್ರಮದ ರಾತ್ರಿಗಳಿಗೆ, ಅದರ ಹಿಂದು ಮುಂದಿನ ರಾತ್ರಿಗಳಿಗೆ ಅಂಟಿಕೊಂಡಿರುತ್ತದೆ. ಆ ಹೊಡೆತ ಪೂರ್ತಿಯಾಗಿ ಬೀಳುವುದು ಒಂದೆರಡು ರಾತ್ರಿಗೆಂದೇ ಬಂದವರ ಮೇಲೆ. ಒಂದು ವಾರ ಇರುವವರು ದುಬಾರಿ ರಾತ್ರಿಯನ್ನು ಸಾಧಾರಣ ರಾತ್ರಿಗಳ ನಡುವೆ ಹಂಚಿಕೊಳ್ಳುತ್ತಾರೆ. ಸ್ಟೇಡಿಯಂ ಪಕ್ಕದಲ್ಲೇ ಕೋಣೆ ಹಿಡಿಯುವ ಹಟವೂ ಅವರಿಗಿಲ್ಲ. ವಿಯೆನ್ನಾದಲ್ಲಿ ಯು2 ಮೆಟ್ರೋ ಸ್ಟೇಡಿಯಂ ಬಾಗಿಲಲ್ಲೇ ನಿಲ್ಲುತ್ತದೆ. ಶುಕ್ರವಾರ, ಶನಿವಾರ ರಾತ್ರಿ ಬೆಳಗಿನವರೆಗೂ ಓಡುತ್ತದೆ, ಬೇರೆ ದಿನ ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಕೋಲ್ಡ್‌ಪ್ಲೇಯ ಆ ನಾಲ್ಕು ರಾತ್ರಿಗಳಲ್ಲಿ 24 ಶನಿವಾರವಾಗಿತ್ತು. ಮೆಟ್ರೋ ವೇಳಾಪಟ್ಟಿ ಓದಿ ರಾತ್ರಿ ಆರಿಸುವುದು ಪ್ರೇಮಿಗಳಿಗೆ ಒಪ್ಪುವ ಕೆಲಸವಲ್ಲ, ಆದರೆ ಅರವತ್ತು ಸಾವಿರ ಜನ ಒಟ್ಟಿಗೆ ಹೊರಬಿದ್ದಾಗ ಅದರ ಬೆಲೆ ತಿಳಿಯುತ್ತದೆ.

ಇನ್ನೊಂದು ಅನುಕೂಲವೂ ಇದೆ. ಕೋಲ್ಡ್‌ಪ್ಲೇ ಆ 2024ರ ಪ್ರವಾಸದ ಪ್ರತಿ ಪ್ರದರ್ಶನಕ್ಕೂ ಒಂದಷ್ಟು ಇನ್ಫಿನಿಟಿ ಟಿಕೆಟ್‌ಗಳನ್ನು ಸುಮಾರು 20 ಯೂರೋಗೆ ಬಿಡುತ್ತಿತ್ತು. ಅವು ಮಾರಾಟಕ್ಕೆ ಬರುತ್ತಿದ್ದುದು ಬಹಳ ತಡವಾಗಿ, ಕುರ್ಚಿ ಎಲ್ಲಿ ಎಂದು ಗೊತ್ತಾಗುತ್ತಿದ್ದುದು ಅದೇ ದಿನ. ಆ ಅದೃಷ್ಟಪರೀಕ್ಷೆಗೆ ಧೈರ್ಯವಾಗಿ ಇಳಿಯಬಲ್ಲವರು ಯಾರು? ಟಿಕೆಟ್ ಸಿಗದಿದ್ದರೂ ಆ ಊರಲ್ಲಿ ಇರಲು ಸಂತೋಷವಿರುವವರು. ವೀಸಾದಲ್ಲೂ ಇದೇ ಕಥೆ. ಟಿಕೆಟ್ ಮಾರಾಟ ಸುಮಾರು ಒಂದು ವರ್ಷ ಮೊದಲು. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬಹುದಾದದ್ದು ಪ್ರಯಾಣಕ್ಕೆ ಆರು ತಿಂಗಳ ಒಳಗೆ. 2024ರ ಜೂನ್‌ನಿಂದ ಶುಲ್ಕ 90 ಯೂರೋ, ಜೊತೆಗೆ 30,000 ಯೂರೋ ರಕ್ಷಣೆಯ ವೈದ್ಯಕೀಯ ವಿಮೆ. ಎಂದರೆ ಬಾಗಿಲು ತೆರೆಯುತ್ತದೆಯೋ ಇಲ್ಲವೋ ತಿಳಿಯುವ ಮೊದಲೇ ಟಿಕೆಟ್ ಕೊಂಡಿರಬೇಕು. ಅದೇ ಪಟ್ಟಿಯ ಡಬ್ಲಿನ್ ಷೆಂಗೆನ್ ಒಳಗಿಲ್ಲ, ಅದಕ್ಕೆ ಬೇರೆಯೇ ವೀಸಾ. ಬುಡಾಪೆಸ್ಟ್ ಆರಿಸಿದವರು ಒಂದೇ ವೀಸಾದಲ್ಲಿ ವಿಯೆನ್ನಾವನ್ನೂ ನೋಡಬಹುದಿತ್ತು, ರೈಲಿನಲ್ಲಿ ಎರಡೂವರೆ ಗಂಟೆಯ ಚಿಲ್ಲರೆ ದೂರ. ಇಂಥವನ್ನು ಊರು ಆರಿಸುವ ಹೊತ್ತಿನಲ್ಲೇ ನೋಡಬೇಕು. ಟಿಕೆಟ್ ಬಂದ ಮೇಲೆ ನೋಡಿದರೆ ಬರೀ ಪರಿತಾಪ.

— ಇಷ್ಟೆಲ್ಲ ಪಾಡು ಪಟ್ಟು ಆಗಸ್ಟ್‌ನಲ್ಲಿ ವಿಯೆನ್ನಾಕ್ಕೆ ಹೋದವರಿಗೆ ಸೆಪ್ಟೆಂಬರ್‌ನಲ್ಲಿ ಬಂದ ಸುದ್ದಿ ಏನು? ಅದೇ ಬ್ಯಾಂಡು ಜನವರಿಯಲ್ಲಿ ನವಿ ಮುಂಬಯಿಗೆ ಬರುತ್ತದೆ ಎಂದು! ಬೆಂಗಳೂರಿನಿಂದ ಎರಡು ಗಂಟೆಯೂ ಬೇಡದ ವಿಮಾನ, ವೀಸಾ ಇಲ್ಲ, ಯೂರೋ ಇಲ್ಲ. ಆಮೇಲೆ ಹೊಗೆಯ ಮಾತು. ಕಾರ್ಯಕ್ರಮಗಳು ಪರಿಸರಕ್ಕೆ ಹೊರೆಯಾಗದ ದಾರಿ ಸಿಗುವವರೆಗೆ ಪ್ರವಾಸ ಹೋಗುವುದಿಲ್ಲ ಎಂದು 2019ರಲ್ಲಿ ಹೇಳಿದ್ದು ಇದೇ ಬ್ಯಾಂಡು. ಅವರ ಅಭಿಮಾನಿಗಳು ವಿಮಾನದಲ್ಲಿ ಖಂಡ ದಾಟಿ ಅವರನ್ನು ಹಿಂಬಾಲಿಸುವುದು ವಿಚಿತ್ರವಲ್ಲವೇ?

— ಕಾಯಬಹುದಿತ್ತು ಎಂಬುದು ಆಮೇಲೆ ಗೊತ್ತಾಗುವ ಮಾತು. ಹಾಗೆ ಕಾದವರ ಗತಿಯನ್ನೂ ನೋಡಿ. 2024ರ ಸೆಪ್ಟೆಂಬರ್ 22ರಂದು ಟಿಕೆಟ್ ಮಾರಾಟ ತೆರೆದಾಗ ಒಂದು ಕೋಟಿಗೂ ಹೆಚ್ಚು ಜನ ಆನ್‌ಲೈನ್ ಸರದಿಯಲ್ಲಿ ನಿಂತರು, ಕಾಳಸಂತೆಯಲ್ಲಿ ಟಿಕೆಟ್‌ಗಳು ಲಕ್ಷ ರೂಪಾಯಿ ಮುಟ್ಟಿದವು. ನಂತರ ಅಹಮದಾಬಾದಿನ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ ಜನವರಿ 25, 26 ಸೇರಿದವು. ದಿನಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಜನ ಸೇರಿದ ಆ ರಾತ್ರಿಗಳಲ್ಲಿ 26ರದ್ದು ನೇರಪ್ರಸಾರವೂ ಆಯಿತು. ಬರೀ ಹಾಡು ಮುಖ್ಯವಾದವರಿಗೆ ಸೋಫಾ ಸಾಕಾಗಿತ್ತು, ಒಪ್ಪುತ್ತೇನೆ. ಆದರೆ ನನ್ನ ವಾದ ವಿದೇಶದ ಮೇಲೆ ನಿಂತದ್ದಲ್ಲ. ಅಹಮದಾಬಾದಿಗೂ ಹಾಗೇ ಅನ್ವಯಿಸುತ್ತದೆ. ಭಾರತದ ನಗರಗಳಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಮೊದಲು ಸೇರಿದ್ದು, 2017ರಲ್ಲಿ, ಅಹಮದಾಬಾದಿನ ಹಳೆಯ ಊರು. ಅದರ ಪೋಳ್ ಓಣಿಗಳು, ಸರ್ಖೇಜ್ ರೋಜಾ, ಸ್ವಲ್ಪ ಆಚೆಗೆ ಅಡಾಲಜ್‌ನ ಮೆಟ್ಟಿಲುಬಾವಿ. ಇವನ್ನು ನೋಡದೆ ಮೊಟೆರಾದ ಆ ಮೈದಾನದಿಂದ ನೇರ ವಿಮಾನ ನಿಲ್ದಾಣಕ್ಕೆ ಓಡಿದವರು ವಿಯೆನ್ನಾಕ್ಕೆ ಹೋಗಿದ್ದರೂ ಹಾಗೇ ಓಡುತ್ತಿದ್ದರು.

ಹೊಗೆಯ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಬ್ಯಾಂಡು ತನ್ನ ಕಡೆಯ ಇಂಗಾಲವನ್ನು 2016–17ರ ಪ್ರವಾಸಕ್ಕೆ ಹೋಲಿಸಿ ಪ್ರದರ್ಶನಕ್ಕೆ ಶೇ. 59ರಷ್ಟು ಇಳಿಸಿದೆ ಎಂದು 2024ರ ಜೂನ್‌ನಲ್ಲಿ ಹೇಳಿತು. ಪ್ರೇಕ್ಷಕರು ಕುಣಿದರೆ ವಿದ್ಯುತ್ ಹುಟ್ಟುವ ನೆಲ, ತುಳಿಯುವ ಸೈಕಲ್ ಎಲ್ಲ ಇಟ್ಟರು. ಆದರೆ ದೊಡ್ಡ ಕಾರ್ಯಕ್ರಮಗಳಲ್ಲಿ ಹೊಗೆಯ ದೊಡ್ಡ ಪಾಲು ಪ್ರೇಕ್ಷಕರ ಓಡಾಟದ್ದೇ, ಅದು ಆ ಲೆಕ್ಕದ ಹೊರಗಿದೆ. ಬೆಂಗಳೂರಿನಿಂದ ಯೂರೋಪಿಗೆ ಹೋಗಿ ಬರುವ ಒಬ್ಬರ ಪಾಲು ಒಂದು ಟನ್ ದಾಟುತ್ತದೆ; ಭಾರತದಲ್ಲಿ ಒಬ್ಬರ ವರ್ಷದ ಸರಾಸರಿಯೇ ಸುಮಾರು ಎರಡು ಟನ್. ಸೈಕಲ್ ತುಳಿದು ಇದನ್ನು ಸರಿದೂಗಿಸಲಾಗದು. ಎರಡು ಗಂಟೆಗಾಗಿ ಇಷ್ಟು ಸುಡುವುದನ್ನು ನಾನು ಸಮರ್ಥಿಸುವುದಿಲ್ಲ. ಒಮ್ಮೆ ವಿಯೆನ್ನಾ ನೋಡಲು, ಇನ್ನೊಮ್ಮೆ ಬ್ಯಾಂಡ್ ಕೇಳಲು ಎಂದು ಎರಡು ಸಲ ಹಾರುವ ಬದಲು ಒಂದೇ ಸಲ ಹಾರಿ, ಹತ್ತು ಹನ್ನೆರಡು ದಿನ ಉಳಿದು, ಅಲ್ಲಿ ರೈಲಿನಲ್ಲಿ ಓಡಾಡಿದರೆ ಹೊರೆ ಒಂದಿಷ್ಟು ಹಗುರ. ಇಲ್ಲವಾಗುವುದಿಲ್ಲ. ಆ ಒಂದು ಟನ್ನನ್ನು ಸಹಿಸಲಾರೆ ಎನ್ನುವವರು ಹೋಗಬಾರದು. ಅವರ ಜೊತೆ ವಾದ ಮಾಡುವ ಹಕ್ಕು ನನಗಿಲ್ಲ.

— ಕೊನೆಯದಾಗಿ ಒಂದು ಗೃಹಕೃತ್ಯದ ಪ್ರಶ್ನೆ. ಇಂಥ ಪ್ರವಾಸ ಒಬ್ಬರೇ ಮಾಡುವುದು ಕಡಿಮೆ. ಜೊತೆಗೆ ಬರುವ ಗಂಡನಿಗೋ ಹೆಂಡತಿಗೋ ತಾಯಿಗೋ ಆ ಬ್ಯಾಂಡಿನ ಹೆಸರೇ ಗೊತ್ತಿರುವುದಿಲ್ಲ. ಅವರನ್ನು ಅರವತ್ತು ಸಾವಿರ ಜನರ ನಡುವೆ ನಿಲ್ಲಿಸಿ ಹಿಂಸೆ ಕೊಡುವುದೇ?

— ಕೊಡಬೇಕಾಗಿಲ್ಲ, ಆ ಟಿಕೆಟ್ಟಿನ ದುಡ್ಡನ್ನು ಸಾಲ್ಜ್‌ಬರ್ಗ್ ರೈಲಿಗೆ ಹಾಕಬಹುದು. ಬ್ಯಾಂಡಿನ ಸಲುವಾಗಿಯೇ ಆರಿಸಿದ ಊರಾದರೆ ಜೊತೆಗೆ ಬಂದವರು ಇಡೀ ಪ್ರವಾಸದಲ್ಲಿ ಬೇರೆಯವರ ಹಬ್ಬಕ್ಕೆ ಬಂದ ನೆಂಟರಾಗುತ್ತಾರೆ. ಇಬ್ಬರೂ ಕೂತು ಪಟ್ಟಿಯಿಂದ ಆರಿಸಿದ ಊರಾದರೆ ಆ ಒಂದು ಸಂಜೆ ಮಾತ್ರ ದಾರಿ ಕವಲೊಡೆಯುತ್ತದೆ. ಅಭಿಮಾನಿ ಯು2 ಹಿಡಿದು ಸ್ಟೇಡಿಯಂ ಕಡೆಗೆ, ಇನ್ನೊಬ್ಬರು ಪುರಭವನದ ಚೌಕಕ್ಕೆ. ಅಲ್ಲಿ ಬೆಂಚು ಬೇಕಾದರೆ ಕತ್ತಲಾಗುವ ಮೊದಲೇ ಹೋಗಿ ಹಿಡಿಯಬೇಕು, ಆಗಸ್ಟ್‌ನಲ್ಲಿ ಕತ್ತಲಾಗುವುದು ಎಂಟರ ಮೇಲೆ. ಅಂದಹಾಗೆ, ಪಟ್ಟಿ ಬಂದಾಗ ಮೊದಲ ಆಯ್ಕೆಯನ್ನು ಬ್ಯಾಂಡ್ ಗೊತ್ತಿಲ್ಲದವರಿಗೇ ಬಿಡುವುದು ಒಳ್ಳೆಯದು. ಹತ್ತು ಊರಲ್ಲಿ ಎಲ್ಲಿಗಾದರೂ ಹೋಗಲು ಅಭಿಮಾನಿ ಹೇಗೂ ಸಿದ್ಧ.